ವಾಸನೆ ಇಲ್ಲದ ಮಾತ್ರಕ್ಕೆ ಸಿಲಿಂಡರಿನ ಗಾಳಿ ಶುದ್ಧವೇ?

ಪ್ರಶ್ನೆ: ಕಾಪುವಿನ ಕಡಲಿನಲ್ಲಿ ಸ್ಕೂಬಾ ಡೈವಿಂಗ್ ಮಾಡಬೇಕೆಂದಿದ್ದೇನೆ. ಸಿಲಿಂಡರಿನ ಗಾಳಿಯನ್ನು ಮೂಸಿ ನೋಡಿದರೆ ಸಾಕು ಎಂದು ಗೆಳೆಯರು ಹೇಳುತ್ತಾರೆ. ಅದು ನಿಜವೇ?
– ಓದುಗರು, ಉಡುಪಿ

ಉತ್ತರ: ಮೂಸಿ ನೋಡುವುದು ಒಳ್ಳೆಯ ಅಭ್ಯಾಸ, ಆದರೆ ಅಷ್ಟೇ ಸಾಲದು. ಎಣ್ಣೆಯ ಕಮಟು ಅಥವಾ ಹೊಗೆಯ ವಾಸನೆ ಬಂದರೆ ಆ ಸಿಲಿಂಡರನ್ನು ಬದಿಗಿಡಲೇಬೇಕು. ಬಾರದಿದ್ದರೆ ಗಾಳಿ ಶುದ್ಧವೆಂದು ಅರ್ಥವಲ್ಲ. ಎಂಜಿನ್ ಹೊಗೆಯಲ್ಲಿರುವ, ಎಲ್ಲಕ್ಕಿಂತ ಅಪಾಯಕಾರಿ ಅನಿಲವಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಲವರು ತಿಳಿದಿರುವಂತೆ ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕವಲ್ಲ, ನಾವು ಉಸಿರಾಡುವ ಸಾಮಾನ್ಯ ಗಾಳಿಯೇ. 11 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿಯನ್ನು ಕಂಪ್ರೆಸರ್ ತುಂಬುತ್ತದೆ. ಆದ್ದರಿಂದ ಕಂಪ್ರೆಸರಿನ ಗಾಳಿ ಎಳೆಯುವ ಪೈಪಿನ ಬಾಯಿ ಎಲ್ಲಿದೆ ಎಂಬುದು ಮುಖ್ಯ. ನಮ್ಮ ಕರಾವಳಿಯಲ್ಲಿ ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಬೀಸುವ ಗಾಳಿ ಮಧ್ಯಾಹ್ನದ ಹೊತ್ತಿಗೆ ದಿಕ್ಕು ಬದಲಿಸಿ ಕಡಲಿನಿಂದ ಬೀಸತೊಡಗುತ್ತದೆ. ಬೆಳಿಗ್ಗೆ ಶುದ್ಧ ಗಾಳಿ ಎಳೆಯುತ್ತಿದ್ದ ಅದೇ ಪೈಪಿಗೆ ಮಧ್ಯಾಹ್ನ ಪಕ್ಕದ ಜನರೇಟರಿನದೋ ದಕ್ಕೆಯಲ್ಲಿ ಎಂಜಿನ್ ಚಾಲೂ ಇಟ್ಟ ಬೋಟಿನದೋ ಹೊಗೆ ನುಗ್ಗಬಹುದು. ಹೊರಗಿನ ಹೊಗೆಯೇ ಬೇಕೆಂದಿಲ್ಲ, ಕಂಪ್ರೆಸರ್ ಮಿತಿಮೀರಿ ಕಾದು ಅದರೊಳಗಿನ ಎಣ್ಣೆ ಸುಟ್ಟರೂ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ.

ಫಿಲ್ಟರ್ ಇದೆಯಲ್ಲ ಎಂದು ನೀವು ಕೇಳಬಹುದು. ಫಿಲ್ಟರಿನ ಸಕ್ರಿಯ ಇದ್ದಿಲು ಎಣ್ಣೆಯ ಆವಿಯನ್ನೂ ವಾಸನೆಯನ್ನೂ ಹೀರುತ್ತದೆಯೇ ಹೊರತು ಕಾರ್ಬನ್ ಮಾನಾಕ್ಸೈಡನ್ನು ತಡೆಯುವುದಿಲ್ಲ. ಅಂದರೆ ಮೂಗಿಗೆ ಸಿಗುತ್ತಿದ್ದ ಸುಳಿವು ಅಳಿದು, ವಿಷ ಮಾತ್ರ ಉಳಿಯುತ್ತದೆ. ಅದನ್ನು ಕಾರ್ಬನ್ ಡೈಆಕ್ಸೈಡ್ ಆಗಿ ಮಾರ್ಪಡಿಸಲು ಹಾಪ್ಕಲೈಟ್ ಎಂಬ ವೇಗವರ್ಧಕ ಬೇಕು. ಅದು ತೇವ ತಗುಲಿದರೆ ಕೆಲಸ ಮಾಡದು. ವರ್ಷದ ಬಹುಪಾಲು ಗಾಳಿಯಲ್ಲಿ ತೇವ ತುಂಬಿರುವ ನಮ್ಮ ಊರಿನಲ್ಲಿ ತೇವ ಹೀರುವ ಪದರ ಬೇಗ ಮುಗಿಯುತ್ತದೆಯಾದ್ದರಿಂದ, ಒಣಹವೆಯ ಊರಿನ ಲೆಕ್ಕದಲ್ಲಿ ಫಿಲ್ಟರ್ ಬದಲಿಸಿದರೆ ಆಗದು.

ಆಳಕ್ಕಿಳಿದಂತೆ ಅಪಾಯ ಹೆಚ್ಚುತ್ತದೆ. 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟಾಗುವುದರಿಂದ, ಹತ್ತು ಲಕ್ಷ ಭಾಗಕ್ಕೆ 10 ಭಾಗವಿರುವ ಮಾನಾಕ್ಸೈಡ್ ಮೇಲ್ಮೈಯ 40 ಭಾಗಕ್ಕೆ ಸಮವಾಗುತ್ತದೆ. ಯುರೋಪಿನ ಇಎನ್ 12021 ಮಾನದಂಡದ 2014ರ ಆವೃತ್ತಿ ಇದಕ್ಕೆ 5 ಭಾಗದ ಮಿತಿಯಿಟ್ಟಿದೆ. ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆಳದಲ್ಲಿ ಆಮ್ಲಜನಕದ ಒತ್ತಡವೂ ಹೆಚ್ಚಿರುವುದರಿಂದ ಕೊರತೆ ಸ್ವಲ್ಪ ಮರೆಯಾಗಿದ್ದು, ಮೇಲೇರುವಾಗ ಮುಳುಗುಗಾರ ಎಚ್ಚರ ತಪ್ಪಬಹುದು.

ಹೀಗಾಗಿ ಡೈವಿಂಗ್ ನಡೆಸುವವರನ್ನು ಗಾಳಿಯ ಪರೀಕ್ಷೆ ಯಾವಾಗ ನಡೆಯಿತು, ಫಿಲ್ಟರ್ ಯಾವಾಗ ಬದಲಾಯಿತು, ಕಾರ್ಬನ್ ಮಾನಾಕ್ಸೈಡ್ ಅಳೆಯುವ ಉಪಕರಣ ಇದೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಲೆಕ್ಕ ಸರಿಯಿಟ್ಟವರು ಪುಸ್ತಕ ತೆಗೆದು ತೋರಿಸುತ್ತಾರೆ.

ನೀರಿನಲ್ಲಿ ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿದರೆ ಜತೆಗಾರರಿಗೆ ಸನ್ನೆ ಮಾಡಿ, ಗಡಿಬಿಡಿಯಿಲ್ಲದೆ ಮೇಲೆ ಬನ್ನಿ. ದಡದಲ್ಲಿ ಶುದ್ಧ ಆಮ್ಲಜನಕ ಕೊಟ್ಟು ಆಸ್ಪತ್ರೆಗೆ ಸೇರಿಸಬೇಕು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಆಮ್ಲಜನಕಕ್ಕೂ ಕಾರ್ಬನ್ ಮಾನಾಕ್ಸೈಡಿಗೂ ಇರುವ ಭೇದ ತಿಳಿಯದೆ 98 ಎಂದು ತೋರಿಸಬಹುದಾದ್ದರಿಂದ, ಡೈವಿಂಗ್‌ನಿಂದ ಬಂದವರೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಉಳಿದ ಗಾಳಿಯನ್ನು ಪರೀಕ್ಷಿಸಬೇಕಾಗುವುದರಿಂದ ಆ ಸಿಲಿಂಡರಿನ ವಾಲ್ವ್ ಮುಚ್ಚಿ ಎತ್ತಿಡಿ.