ಸೇಫ್‌ಗಾರ್ಡಿಂಗ್: ಮೈದಾನದಲ್ಲಿ ಮಕ್ಕಳ ಜ್ವಾಪಾನ

‘ಜ್ವಾಕಿ ಹೋಗಿ ಬಾರೋ.’ ಬೆಳಿಗ್ಗೆ ಕಿಟ್ ಬ್ಯಾಗ್ ಹೆಗಲಿಗೇರಿಸಿ ಹೊರಟ ಹುಡುಗನಿಗೆ ಹುಬ್ಬಳ್ಳಿಯ ಮನೆಗಳಲ್ಲಿ ಬಾಗಿಲಿನಿಂದ ಹೇಳುವ ಮಾತಿದು. ಕ್ರಿಕೆಟ್ ಕ್ಲಬ್‌ಗಳ ಮಾತಿನಲ್ಲಿ ಬರುವ ‘ಸೇಫ್‌ಗಾರ್ಡಿಂಗ್’ ಎಂಬ ಪದದ ಅರ್ಥ ಹೆಚ್ಚುಕಡಿಮೆ ಇದರಲ್ಲೇ ಇದೆ. ವ್ಯತ್ಯಾಸ ಒಂದೇ. ಮನೆಯ ಮಾತಿನಲ್ಲಿ ಜ್ವಾಕಿಯ ಹೊಣೆ ಹುಡುಗನದು. ಕ್ಲಬ್ಬಿನಲ್ಲಿ ಅದು ದೊಡ್ಡವರದು.

ಸರಕಾರಿ ಕನ್ನಡದಲ್ಲಿ ‘ಮಕ್ಕಳ ರಕ್ಷಣೆ’ ಅಂತಾರೆ. ತಪ್ಪೇನಿಲ್ಲ. ಆದರೆ ರಕ್ಷಣೆ ಅಂದ ಕೂಡಲೇ ಬಾವಿಗೆ ಬಿದ್ದವನನ್ನು ಹಗ್ಗ ಬಿಟ್ಟು ಎತ್ತುವ ಚಿತ್ರ ಕಣ್ಣಿಗೆ ಬರುತ್ತದೆ. ಸೇಫ್‌ಗಾರ್ಡಿಂಗ್ ಅಂದ್ರೆ ಯಾರೂ ಬೀಳುವ ಮೊದಲೇ ಬಾವಿಗೆ ಕಟ್ಟೆ ಕಟ್ಟೋದು.

ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯ ಒಂದು ನಿಯಮ ನೋಡಿ. 15 ವರ್ಷದೊಳಗಿನವರ ಆಟದಲ್ಲಿ ಫೀಲ್ಡರ್ ಬ್ಯಾಟರ್‌ನ ನಡು ಸ್ಟಂಪಿನಿಂದ 8 ಗಜದೊಳಗೆ ನಿಲ್ಲುವಂತಿಲ್ಲ. 13ರೊಳಗಿನವರಿಗೆ ಅದು 11 ಗಜ, ಅಂದರೆ ಸರಿಯಾಗಿ ಅರ್ಧ ಪಿಚ್. ಆಫ್ ಸೈಡಿನಲ್ಲಿ ವಿಕೆಟ್ ಹಿಂದೆ ನಿಲ್ಲುವ ಸ್ಲಿಪ್‌ನಂಥವರಿಗೆ ಮಾತ್ರ ವಿನಾಯಿತಿ. ‘ನಾ ನಿಂದರ್ತೀನ್ರಿ ಸರ್’ ಅಂತ ಹುಡುಗನೇ ಮುಂದೆ ಬಂದರೂ ಇಲ್ಲ. ಹನ್ನೆರಡರ ಹುಡುಗ ಹಾಗೆ ಅನ್ನೋದೇ ಸರ್ ಖುಷಿಯಾಗಲಿ ಅಂತ, ಅಲ್ವಾ?

ನಾನು ಚಿಕ್ಕವನಿದ್ದಾಗ ಒಂದು ಬೇಸಿಗೆ ಶಿಬಿರಕ್ಕೆ ಹೋಗುತ್ತಿದ್ದೆ. ಕ್ಯಾಚ್ ಬಿಟ್ಟರೆ ಮೈದಾನದ ಸುತ್ತ ಐದು ರೌಂಡ್. ಏಪ್ರಿಲ್ ತಿಂಗಳು, ಹನ್ನೊಂದೂವರೆಯ ಬಿಸಿಲು. ಮೂರನೇ ರೌಂಡಿಗೆ ಗೆಳೆಯ ವಾಂತಿ ಮಾಡಿಕೊಂಡ. ಸರ್ ಓಡಿ ಬಂದು ಬೆನ್ನು ಸವರಿದರು, ನೀರು ಕುಡಿಸಿದರು. ಆಮೇಲೆ ‘ಇನ್ನೂ ಎರಡು ಅದಾವು’ ಅಂದರು. ಕೆಟ್ಟ ಮನುಷ್ಯ ಏನಲ್ಲ. ಅವರ ಸರ್ ಅವರನ್ನೂ ಹಾಗೇ ಓಡಿಸಿದ್ದರಂತೆ. ನಾವು ಯಾರಿಗೆ ಹೇಳಬೇಕಿತ್ತು? ಮನೆಯಲ್ಲಿ ಹೇಳಿದರೆ ಆಟಾನೇ ಬಂದ್. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆವು.

ಸೇಫ್‌ಗಾರ್ಡಿಂಗ್ ಉತ್ತರ ಕೊಡೋದು ಈ ‘ಯಾರಿಗೆ’ ಎಂಬ ಪ್ರಶ್ನೆಗೇ. ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಇದಕ್ಕೆಂದೇ ಒಬ್ಬರನ್ನು ನೇಮಿಸಿರುತ್ತಾರೆ. ತಂಡಕ್ಕೆ ಆರಿಸುವವರು ಬೇರೆ, ದೂರು ಕೇಳುವವರು ಬೇರೆ ಆದಾಗಲೇ ಹುಡುಗ ಬಾಯಿ ಬಿಡೋದು.

ಭಾರತ ತಂಡಕ್ಕೆ ಆಡಿದ ಸ್ಪಿನ್ನರ್, ಗದಗಿನ ಸುನಿಲ್ ಜೋಶಿ ಶಾಲೆಯ ದಿನಗಳಲ್ಲಿ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಬಂದು ಹೋಗುತ್ತಿದ್ದರು. ಕೇಳೋಕೆ ಚಂದದ ಕಥೆ. ಇವತ್ತು ಹಾಗೆ ಬರುವ ಹುಡುಗನನ್ನು ಸಂಜೆ ಸ್ಟೇಷನ್ನಿಗೆ ಬಿಡೋರು ಯಾರು? ಸರ್ ತಮ್ಮ ಬೈಕಿನಲ್ಲಿ ಬಿಟ್ಟರೆ ಅದು ಒಳ್ಳೆಯತನವೇ. ಆದರೂ ಇಬ್ಬರೇ ಹೋಗೋದು ಬೇಡ, ಮನೆಯವರಿಗೆ ಮೊದಲೇ ಗೊತ್ತಿರಲಿ ಅನ್ನುತ್ತದೆ ಸೇಫ್‌ಗಾರ್ಡಿಂಗ್. ‘ಹಂಗಾದ್ರ ನನ್ನ ಮ್ಯಾಲೆ ಅನುಮಾನಾ?’ ಅಂತ ಬೇಜಾರಾಗುವ ಕೋಚ್‌ಗಳಿದ್ದಾರೆ. ಬ್ಯಾಂಕ್ ಲಾಕರಿಗೆ ಎರಡು ಕೀಲಿ ಇಟ್ಟಿರುವುದು ಮ್ಯಾನೇಜರ್ ಕಳ್ಳ ಅಂತ ಏನಲ್ಲ.

ನಮ್ಮ ಕಾನೂನೂ ಸುಮ್ನೆ ಕೂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಕ್ಲಬ್ಬಿನ ಮರ್ಯಾದೆ ಅಂತ ಮುಚ್ಚಿಟ್ಟರೆ ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098.

ಇನ್ನು ಆಟಗಾರರ ನಡತೆ. ಇದೂ ಅದೇ ಕಟ್ಟೆಯ ಇನ್ನೊಂದು ಕಲ್ಲು, ಯಾಕಂದ್ರೆ ಹುಡುಗನಿಗೆ ನೋವು ಮಾಡೋರು ದೊಡ್ಡವರೇ ಆಗಬೇಕಿಲ್ಲ. ಪಕ್ಕದ ಹುಡುಗ ‘ಲೇ ಡುಮ್ಮಾ’ ಅಂತ ಕರೆದರೆ, ಹರಿದ ಶೂ ತೋರಿಸಿ ನಕ್ಕರೆ, ಅದನ್ನು ಸ್ಲೆಡ್ಜಿಂಗ್, ಅಂದರೆ ಆಟದಲ್ಲಿ ಎದುರಾಳಿಯನ್ನು ಕೆಣಕೋ ಮಾತು, ಅಂತ ತಳ್ಳಿಹಾಕೋ ಹಾಗಿಲ್ಲ. ಕ್ರಿಕೆಟ್ ನಿಯಮಗಳಲ್ಲಿ 2017ರಿಂದ 42ನೇ ನಿಯಮ ನಡತೆಗೇ ಮೀಸಲು. ತಪ್ಪುಗಳಲ್ಲಿ ನಾಲ್ಕು ಹಂತ. ಔಟಾದ ಸಿಟ್ಟಿಗೆ ಬ್ಯಾಟನ್ನು ನೆಲಕ್ಕೆ ಬಡಿದರೆ ಮೊದಲ ಹಂತ: ಒಮ್ಮೆ ಎಚ್ಚರಿಕೆ, ಮತ್ತೆ ಆದರೆ ಎದುರಾಳಿಗೆ 5 ರನ್. ಅಂಪೈರನ್ನು ಹೊಡೆಯುತ್ತೇನೆ ಅಂದರೆ ನಾಲ್ಕನೇ ಹಂತ, ಪಂದ್ಯದಿಂದಲೇ ಹೊರಗೆ.

ಬೌಂಡರಿ ಆಚೆ ನಿಂತು ‘ಕಣ್ಣ ಕಾಣಂಗಿಲ್ಲೇನಲೇ ಅಂಪೈರ್’ ಅಂತ ಕೂಗುವ ಅಪ್ಪನಿಗೆ ಮಾತ್ರ 42ನೇ ನಿಯಮದಲ್ಲಿ ಏನೂ ಇಲ್ಲ. ಅದಕ್ಕೇ ನಡತೆಯ ನಿಯಮಗಳ ಹಾಳೆ ಮಾಡುವ ಕ್ಲಬ್‌ಗಳು ಕೆಳಗೆ ಪಾಲಕರ ಸಹಿಗೂ ಒಂದು ಗೆರೆ ಬಿಡುತ್ತವೆ.