ಬಿಸಿಲು ಬೇರೆ, ಸೆಕೆ ಬೇರೆ

ಬಿಸು ಹಬ್ಬ ಕಳೆದ ಮರುದಿನ ಕಾಸರಗೋಡಿನ ಬದಿಯಡ್ಕದಿಂದ ಭಾವ ಫೋನ್ ಮಾಡಿದರು. "ಎಸಿ ಹಾಕಿಸಿ ಎರಡು ವರ್ಷ ಆಯ್ತು. ಕೋಣೆ ತಣ್ಣಗಾಗ್ತದೆ, ಆದ್ರೆ ಹಿತ ಇಲ್ಲ ಮಾರಾಯ. ಹಾಸಿಗೆ ಮುಟ್ಟಿದ್ರೆ ಒದ್ದೆ ಒದ್ದೆ. ಕಪಾಟಿನಲ್ಲಿ ನಿನ್ನ ಅಕ್ಕನ ಪಟ್ಟೆಸೀರೆಗೆ ಬೂಷ್ಟು ಬಂದಿದೆ. ಒಮ್ಮೆ ಬಂದು ನೋಡು."

ನಾನು ಹನ್ನೊಂದು ವರ್ಷ ರಿಯಾದ್‌ನಲ್ಲಿ ಇದೇ ಕೆಲಸ ಮಾಡಿದವನು. ಕಟ್ಟಡದ ನಕ್ಷೆ ಮುಂದಿಟ್ಟುಕೊಂಡು, ಯಾವ ಕೋಣೆಗೆ ಎಲ್ಲಿಂದ ಎಷ್ಟು ಶಾಖ ಬರುತ್ತದೆ ಎಂದು ಲೆಕ್ಕ ಹಾಕುವ ಕೆಲಸ. ಹೀಟ್ ಲೋಡ್ ಎನ್ನುತ್ತೇವೆ. ಎಸಿ ಎಷ್ಟು ದೊಡ್ಡದಿರಬೇಕು ಎಂಬುದು ಆ ಲೆಕ್ಕದ ಕೊನೆಯ ಸಾಲಿನಲ್ಲಿ ಬರುತ್ತದೆ. ಅಂಗಡಿಯಲ್ಲಿ ಭಾವನನ್ನು ಕೇಳಿದ್ದು ಎರಡೇ ಪ್ರಶ್ನೆ: ಕೋಣೆ ಎಷ್ಟು ಚದರ ಅಡಿ, ಮೇಲಿನ ಮಹಡಿಯಾ? ಮೇಲಿನ ಮಹಡಿ ಎಂದಾಗ, "ಹಾಗಾದ್ರೆ ಒಂದೂವರೆ ಟನ್ ಇರಲಿ, ಜಾಸ್ತಿ ಆದ್ರೆ ನಷ್ಟ ಇಲ್ಲ" ಎಂದು ಕೊಟ್ಟಿದ್ದರು.

ಜಾಸ್ತಿ ಆದರೆ ನಷ್ಟ ಇದೆ. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಟನ್ ಎಂದರೇನು ನೋಡೋಣ. ಅದು ಎಸಿಯ ತೂಕ ಅಲ್ಲ. ಮೀನಿನ ಲಾರಿಗೆ ತುಂಬುವ ಐಸ್ ಗೊತ್ತಲ್ವಾ, ಲೆಕ್ಕ ಹುಟ್ಟಿದ್ದು ಅಂಥ ಐಸಿನಿಂದ. ಅಮೆರಿಕದ ಒಂದು ಟನ್, ಅಂದರೆ 907 ಕಿಲೋ ಐಸ್, 24 ಗಂಟೆಯಲ್ಲಿ ಪೂರ್ತಿ ಕರಗುವಾಗ ಸುತ್ತಲಿನಿಂದ ಎಷ್ಟು ಶಾಖ ಹೀರುತ್ತದೋ ಅದೇ ಒಂದು ಟನ್. ವಾಟ್‌ನಲ್ಲಿ ಹೇಳಿದರೆ ಸುಮಾರು 3,500. ಒಂದೂವರೆ ಟನ್ನಿನ ಎಸಿ ಕೋಣೆಯಿಂದ 5,300 ವಾಟ್‌ನಷ್ಟು ಶಾಖವನ್ನು ಹೊರಗೆ ಹಾಕಬಲ್ಲದು. ಭಾವನ ಕೋಣೆಯಲ್ಲಿ ಅಷ್ಟು ಶಾಖ ಇದೆಯಾ?

ಕೋಣೆ 12 ಅಡಿಗೆ 12 ಅಡಿ, ಎತ್ತರ 10. ಮುರಕಲ್ಲಿನ ಗೋಡೆ, ಮೇಲೆ ಬರೀ ಕಾಂಕ್ರೀಟ್ ತಾರಸಿ. ಪಡುವಣಕ್ಕೆ ನಾಲ್ಕಡಿ ಚೌಕದ ಕಿಟಕಿ. ನಾನು ಹೋದದ್ದು ಏಪ್ರಿಲ್ 23ಕ್ಕೆ. ನಮ್ಮ ಊರು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ವರ್ಷದಲ್ಲಿ ಎರಡು ಸಲ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಒಂದು ಸಲ ಏಪ್ರಿಲ್ 23ರ ಆಸುಪಾಸು, ಇನ್ನೊಂದು ಸಲ ಆಗಸ್ಟ್ 20ರ ಆಸುಪಾಸು. ಆಗಸ್ಟ್‌ನಲ್ಲಿ ಹೆಚ್ಚಾಗಿ ಮೋಡ ಇರುತ್ತದೆ, ಹಾಗಾಗಿ ಬಚಾವು. ಏಪ್ರಿಲ್‌ನಲ್ಲಿ ಬಿಸಿಲು ನೇರ ತಾರಸಿಗೇ ಬೀಳುತ್ತದೆ. ಅದೂ ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 75ರಲ್ಲಿ. ಆದ್ದರಿಂದ ಇಲ್ಲಿ ನಡುಮಧ್ಯಾಹ್ನ ಆಗುವಾಗ ಗಂಟೆ ಹನ್ನೆರಡೂವರೆ. ಪಡುವಣ ಗೋಡೆಗೆ ಬಿಸಿಲು ಶುರುವಾಗುವುದು ಅದರ ನಂತರ.

ಮೂರು ಗಂಟೆಗೆ ತಾರಸಿಗೆ ಹತ್ತಿದೆ. ಬರಿಗಾಲು ಇಡಲಿಕ್ಕಾಗಲಿಲ್ಲ. ಇಂಥ ಹೊತ್ತಿನಲ್ಲಿ ಹಳೇ ಕಾಂಕ್ರೀಟಿನ ಮೈ 60 ಡಿಗ್ರಿವರೆಗೂ ಹೋಗುತ್ತದೆ. ಆದರೆ ಕೆಳಗೆ ಬಂದು ಏಣಿ ಹತ್ತಿ ಸೀಲಿಂಗ್ ಮುಟ್ಟಿದರೆ ಅಷ್ಟೇನೂ ಬಿಸಿ ಇಲ್ಲ. ಶಾಖ ಇನ್ನೂ ದಾರಿಯಲ್ಲಿತ್ತು. ಅದು ಕೆಳಗಿಳಿಯಲು ಮೂರು ನಾಲ್ಕು ಗಂಟೆ ಬೇಕು. ದಪ್ಪ ಮುರಕಲ್ಲಿನ ಗೋಡೆಗೆ ಇನ್ನೂ ಜಾಸ್ತಿ. ರಾತ್ರಿ ಒಂಬತ್ತಕ್ಕೆ ಊಟ ಮಾಡಿ ಬಂದು ಪಡುವಣ ಗೋಡೆಗೆ ಬೆನ್ನು ಕೊಟ್ಟು ಕೂತಾಗ, ಆಗಷ್ಟೇ ಇಳಿಸಿದ ದೋಸೆಕಲ್ಲಿನ ಹತ್ತಿರ ಕೂತ ಹಾಗಿತ್ತು. ಸೂರ್ಯ ಮುಳುಗಿ ಎರಡು ಗಂಟೆ ಕಳೆದಿತ್ತು. ಲೆಕ್ಕದಲ್ಲಿ ಜನ ಎಡವುವುದು ಇಲ್ಲಿಯೇ. ಎಲ್ಲ ಶಾಖವೂ ಒಂದೇ ಹೊತ್ತಿಗೆ ಕೋಣೆಯೊಳಗೆ ಬರುವುದಿಲ್ಲ. ಕಿಟಕಿಯದ್ದು ಸಂಜೆ ನಾಲ್ಕಕ್ಕೆ, ತಾರಸಿಯದ್ದು ಆರರ ಹೊತ್ತಿಗೆ, ಗೋಡೆಯದ್ದು ರಾತ್ರಿ. ಒಂದೊಂದರ ದೊಡ್ಡ ಸಂಖ್ಯೆಯನ್ನೂ ಸುಮ್ನೆ ಕೂಡಿಸುತ್ತಾ ಹೋದರೆ ಎಸಿ ಬೇಕಿಲ್ಲದೆ ದೊಡ್ಡದಾಗುತ್ತದೆ.

ಹಾಳೆ ತೆಗೆದು ಸಂಜೆ ಐದು ಗಂಟೆಯ ಲೆಕ್ಕ ಬರೆದೆ. ತಾರಸಿಯಿಂದ 850 ವಾಟ್. ಪಡುವಣ ಗೋಡೆಯಿಂದ 250, ಉಳಿದ ಗೋಡೆಗಳಿಂದ 150. ಪರದೆ ಇಲ್ಲದ ಆ ಕಿಟಕಿಯಿಂದ 600. ಗೋಡೆಯ ಏಳರಲ್ಲಿ ಒಂದು ಪಾಲೂ ಇಲ್ಲದ ಗಾಜು, ಗೋಡೆಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ತರುತ್ತದೆ. ಸುಮ್ಮನೆ ಕೂತ ಮನುಷ್ಯ ಒಬ್ಬರಿಂದ 115 ವಾಟ್, ಇಬ್ಬರಿಗೆ 230. ಫ್ಯಾನ್, ದೀಪ, ಟಿವಿ ಸೇರಿ 170. ಫ್ಯಾನ್ ಗಾಳಿಯನ್ನು ತಣಿಸುವುದಿಲ್ಲ, ಅದು ತಿನ್ನುವ ಕರೆಂಟೂ ಕೋಣೆಯಲ್ಲಿ ಶಾಖವೇ ಆಗುತ್ತದೆ.

ಇನ್ನು ಉಳಿದದ್ದು ಬಾಗಿಲ ಸಂದಿನಿಂದ, ಕಿಟಕಿಯ ಬಿರುಕಿನಿಂದ ನುಗ್ಗುವ ಗಾಳಿ. ನಮ್ಮ ಕರಾವಳಿಯ ಕತೆ ಪೂರ್ತಿ ಇರುವುದು ಇದರಲ್ಲಿ.

ರಿಯಾದ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೆ 44 ಡಿಗ್ರಿ ಇದ್ದು ತೇವಾಂಶ ಶೇಕಡಾ 10 ಎಂದಿಟ್ಟುಕೊಳ್ಳಿ. ಅಲ್ಲಿ ಒಂದು ಕಿಲೋ ಗಾಳಿಯಲ್ಲಿ ಇರುವ ನೀರು 6 ಗ್ರಾಂ. ಇಲ್ಲಿ 33 ಡಿಗ್ರಿ, ತೇವಾಂಶ ಶೇಕಡಾ 65. ಒಂದು ಕಿಲೋ ಗಾಳಿಯಲ್ಲಿ ಹತ್ತಿರ ಹತ್ತಿರ 21 ಗ್ರಾಂ ನೀರು. ಹಿತವಾದ ಕೋಣೆಯ ಗಾಳಿಯಲ್ಲಿ ಇರಬೇಕಾದದ್ದು 10 ಗ್ರಾಂ. ಅಲ್ಲಿ ಹೊರಗಿನ ಗಾಳಿ ಒಳಗೆ ಬಂದರೆ ಬಿಸಿ ಮಾತ್ರ ತರುತ್ತದೆ. ಇಲ್ಲಿ ಬಿಸಿಯ ಜತೆಗೆ ನೀರನ್ನೂ ಹೊತ್ತು ತರುತ್ತದೆ. ನಮ್ಮ ಕಡೆ ಬಿಸಿಲು ಎಂಬ ಶಬ್ದ ಸಾಕಾಗದೆ ಸೆಕೆ ಎಂಬ ಬೇರೆ ಶಬ್ದ ಇರುವುದು ಸುಮ್ಮನೆ ಅಲ್ಲ.

ಭಾವನ ಕೋಣೆಯಲ್ಲಿ ಸುಮಾರು 47 ಕಿಲೋ ಗಾಳಿ ಇದೆ. ಗಂಟೆಗೊಮ್ಮೆ ಅದು ಬದಲಾದರೂ ಇರಬೇಕಾದ್ದಕ್ಕಿಂತ ಅರ್ಧ ಲೀಟರ್ ಜಾಸ್ತಿ ನೀರು ಆವಿಯ ರೂಪದಲ್ಲಿ ಒಳಗೆ ಬಂತು. ಆ ಆವಿಯನ್ನು ಮತ್ತೆ ನೀರು ಮಾಡಬೇಕಾದರೆ ಅದರ ಗುಪ್ತೋಷ್ಣವನ್ನು, ಅಂದರೆ ಆವಿಯಾಗುವಾಗ ಅದು ಹೀರಿಕೊಂಡ ಶಾಖವನ್ನು, ತೆಗೆಯಬೇಕು. ಒಂದು ಲೀಟರಿಗೆ ಸುಮಾರು 2,450 ಕಿಲೋಜೂಲ್. ಒಂದು ಲೀಟರಿನ ಅಷ್ಟೇ ಶಾಖ ತೆಗೆದರೆ ಆ ಕೋಣೆಯ ಒಣ ಗಾಳಿಯನ್ನು 50 ಡಿಗ್ರಿ ಇಳಿಸಬಹುದು! ವಾಟ್ ಲೆಕ್ಕದಲ್ಲಿ, ಒಳಗೆ ನುಗ್ಗುವ ಗಾಳಿಯ ಬಿಸಿಗೆ 120, ನೀರಿಗೆ 330. ಎರಡೂ ಸೇರಿ 450.

ಒಟ್ಟು 2,700 ವಾಟ್. ಮುಕ್ಕಾಲು ಟನ್ನಿಗಿಂತ ಸ್ವಲ್ಪ ಮೇಲೆ. ದಿನದಲ್ಲೇ ಕಷ್ಟದ ಹೊತ್ತಿಗೆ ಇಷ್ಟು.

ಭಾವ ಎಸಿ ಹಾಕುವುದು ರಾತ್ರಿ ಹತ್ತಕ್ಕೆ. ಆಗ ಕಿಟಕಿಯ ಬಿಸಿಲಿಲ್ಲ, ತಾರಸಿ ಅರ್ಧ ತಣಿದಿದೆ. ಲೋಡ್ ಬಹುಶಃ 1,300 ವಾಟ್. ಆದರೆ ಹೊರಗಿನ ಗಾಳಿ 27 ಡಿಗ್ರಿಗೆ ಇಳಿದರೂ ಅದರಲ್ಲಿರುವ ನೀರು ಹೆಚ್ಚೇನೂ ಇಳಿದಿಲ್ಲ, ಕಿಲೋಗೆ 19 ಗ್ರಾಂ ಇನ್ನೂ ಇದೆ. ಬಿಸಿ ಕಡಿಮೆಯಾಯಿತು, ಸೆಕೆ ಕಡಿಮೆಯಾಗಲಿಲ್ಲ.

ಮಂಚದ ಮೇಲೆ ಕೂತು ಗಡಿಯಾರ ನೋಡಿದೆ. ಹೊರಗಿನ ಕಂಪ್ರೆಸರ್ ನಾಲ್ಕು ನಿಮಿಷ ಓಡುತ್ತದೆ, ಹನ್ನೆರಡು ನಿಮಿಷ ನಿಲ್ಲುತ್ತದೆ. 5,300 ವಾಟ್ ಎಳೆಯಬಲ್ಲ ಎಸಿ 1,300ಕ್ಕೆ ಅಷ್ಟೇ ಓಡಬೇಕು. ಎಸಿಯೊಳಗಿನ ಥರ್ಮೋಸ್ಟಾಟ್‌ಗೆ ಗೊತ್ತಾಗುವುದು ಬಿಸಿ ಮಾತ್ರ, ನೀರು ಗೊತ್ತಾಗುವುದಿಲ್ಲ. ನಾಲ್ಕು ನಿಮಿಷದಲ್ಲಿ ಗಾಳಿ ತಣ್ಣಗಾಯಿತು, ನಿಂತಿತು. ಆ ಹೊತ್ತಿಗೆ ಕಾಯಿಲ್, ಅಂದರೆ ಎಸಿಯೊಳಗಿನ ತಣ್ಣನೆಯ ಕೊಳವೆ ಸುರುಳಿಯ ಮೇಲೆ ಹನಿಗಳು ಈಗಷ್ಟೇ ಕಟ್ಟಿದ್ದವು, ಪೈಪಿಗೆ ಇಳಿದಿರಲಿಲ್ಲ. ಒಳಗಿನ ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು. ಅದು ಆ ಹನಿಗಳನ್ನು ಮತ್ತೆ ಆವಿ ಮಾಡಿ ಕೋಣೆಗೇ ಊದುತ್ತಿತ್ತು. ನನ್ನ ಕೈಯಲ್ಲಿದ್ದ ಮಾಪಕ 23 ಡಿಗ್ರಿ, ತೇವಾಂಶ ಶೇಕಡಾ 76 ತೋರಿಸಿತು. ಪಟ್ಟೆಸೀರೆಗೆ ಬೂಷ್ಟು ಬರಲು ಬೇರೇನು ಬೇಕು?

ಎಸಿ ಹುಟ್ಟಿದ್ದೇ ನೀರು ತೆಗೆಯಲಿಕ್ಕೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯ ಇತ್ತು. ಸೆಕೆಗೆ ಕಾಗದ ಹಿಗ್ಗಿ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಅದಕ್ಕೆ ವ್ಯವಸ್ಥೆ ಮಾಡಿಕೊಟ್ಟರು. ಜನರ ಹಿತದ ಮಾತು ಬಂದದ್ದು ಆಮೇಲೆ.

ಪರಿಹಾರ ಯೋಚಿಸುವಾಗ ಭಾವ, "ತಾರಸಿಗೆ ಶೀಟ್ ಹಾಕಿಸ್ತೇನೆ, ಅಡಿಕೆ ಒಣಗಿಸ್ಲಿಕ್ಕೂ ಆಗ್ತದೆ" ಎಂದರು. ಒಳ್ಳೆಯ ಯೋಚನೆ. ತಾರಸಿಯ 850 ವಾಟ್ 300ಕ್ಕೆ ಇಳಿಯುತ್ತದೆ. ಆದರೆ ಅದೇ ಎಸಿ ಇಟ್ಟುಕೊಂಡು ಶೀಟ್ ಹಾಕಿಸಿದರೆ ಕಂಪ್ರೆಸರ್ ಇನ್ನೂ ಕಡಿಮೆ ಓಡುತ್ತದೆ, ಒದ್ದೆ ಇನ್ನೂ ಜಾಸ್ತಿಯಾಗುತ್ತದೆ. ಮೊದಲು ಶಾಖ ತಡೆಯಬೇಕು, ಆಮೇಲೆ ಉಳಿದ ಶಾಖಕ್ಕೆ ತಕ್ಕ ಎಸಿ ತರಬೇಕು. ಎಲ್ಲರೂ ಮಾಡುವುದು ಉಲ್ಟಾ.

ಕೊನೆಗೆ ಹೀಗೆ ಮಾಡಿದೆವು. ಒಂದೂವರೆ ಟನ್ನಿನದ್ದನ್ನು ಕೆಳಗಿನ ದೊಡ್ಡ ಹಾಲ್‌ಗೆ ಇಳಿಸಿದೆವು. ಮೇಲೆ ಒಂದು ಟನ್ನಿನ ಇನ್ವರ್ಟರ್ ಎಸಿ ಬಂತು. ಲೋಡ್ ಕಡಿಮೆಯಾದಾಗ ಅದು ನಿಲ್ಲುವ ಬದಲು ನಿಧಾನಕ್ಕೆ ಓಡುತ್ತದೆ, ಹಾಗಾಗಿ ಕಾಯಿಲ್ ತಣ್ಣಗೇ ಇರುತ್ತದೆ. ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿದೆವು. ಒಳಗಿನ ಪರದೆಗೆ ಅಷ್ಟು ಶಕ್ತಿ ಇಲ್ಲ, ಗಾಜು ದಾಟಿ ಬಂದ ಬಿಸಿಲು ಕೋಣೆಯೊಳಗೆ ಬಂದ ಹಾಗೇ. ಬಾಗಿಲ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಹೊಡೆದೆವು. ಉಸಿರಾಟಕ್ಕೆ ಹೊಸ ಗಾಳಿ ಬೇಕಲ್ವಾ, ಪೂರ್ತಿ ಮುಚ್ಚಲಿಲ್ಲ. ಹದಿನೈದು ದಿನ ಬಿಟ್ಟು ಹೋದಾಗ ಮಾಪಕದಲ್ಲಿ 25 ಡಿಗ್ರಿ, ಶೇಕಡಾ 56. ಮೊದಲಿಗಿಂತ ಎರಡು ಡಿಗ್ರಿ ಬಿಸಿ, ಆದರೂ ಅಕ್ಕ ಹೊದಿಕೆ ಹೊದ್ದುಕೊಂಡಿದ್ದಳು. ಪೈಪಿನ ಕೆಳಗೆ ಇಟ್ಟ ಬಕೆಟಿನಲ್ಲಿ ಬೆಳಿಗ್ಗೆ ನಾಲ್ಕು ಲೀಟರಿನಷ್ಟು ನೀರಿತ್ತು.

ಭಾವನಿಗೆ ಈಗ ತರವಾಡಿನ, ಅಂದರೆ ಕುಟುಂಬದ ಮೂಲದ, ಹಂಚಿನ ಮನೆಗೂ ಎಸಿ ಹಾಕಿಸುವ ಆಸೆ. ಹೋಗಿ ನೋಡಿದೆ. ಹಂಚಿನ ಎಡೆಯಿಂದ ಆಕಾಶ ಕಾಣುತ್ತದೆ. ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೋ ಲೆಕ್ಕ ಇಲ್ಲ. ಒಂದು ಕೋಣೆಗೆ ಮರದ ಮುಚ್ಚಿಗೆ ಇದೆ, ಅದರ ಹಲಗೆಗಳ ಸಂದು ಮುಚ್ಚಿದರೆ ಆದೀತು ಎಂದೆ. ಉಳಿದ ಕೋಣೆಗಳಲ್ಲಿ ಬೇಡ. ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಜಗಲಿಯ ಬಾಗಿಲು, ಹಿಂದಿನ ಬಾಗಿಲು ಎರಡನ್ನೂ ತೆರೆದಿಟ್ಟು ಚಾಪೆ ಹಾಕಿ ಮಲಗಿದೆ. ಒಳ್ಳೇ ನಿದ್ದೆ ಬಂತು.