ಹೊಗೆ ಕಂಡರೂ ಬೆಂಕಿ ಕಾಣದವರು

ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಮನೋವಿಜ್ಞಾನಿಗಳು 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ನಗರದ ವಿಶ್ವವಿದ್ಯಾಲಯದ ಬದುಕಿನ ಸಮಸ್ಯೆಗಳ ಕುರಿತ ಸಂದರ್ಶನಕ್ಕೆಂದು ಕರೆಸಿ, ಮೊದಲು ಕೋಣೆಯೊಂದರಲ್ಲಿ ಕೂರಿಸಿ ಪ್ರಶ್ನಾವಳಿ ತುಂಬಲು ಹೇಳಲಾಗಿತ್ತು. ಅವರು ಬರೆಯುತ್ತಿರುವಾಗ ಗೋಡೆಯ ಸಣ್ಣ ಕಿಂಡಿಯಿಂದ ಹೊಗೆ ಒಳಬರತೊಡಗುತ್ತಿತ್ತು. ಕೋಣೆಯಲ್ಲಿ ಒಬ್ಬನೇ ಇದ್ದಾಗ, 24 ಮಂದಿಯಲ್ಲಿ 18 ಮಂದಿ ಎದ್ದುಹೋಗಿ ವಿಷಯ ತಿಳಿಸಿದರು. ಆದರೆ ಪ್ರಯೋಗಕಾರರು ಮೊದಲೇ ಹೇಳಿಕೊಟ್ಟು ಕೂರಿಸಿದ್ದ ಇಬ್ಬರು, ಹೊಗೆಯನ್ನು ಒಮ್ಮೆ ನೋಡಿಯೂ ಏನೂ ಆಗಿಲ್ಲವೆಂಬಂತೆ ಬರೆಯುತ್ತ ಕುಳಿತಾಗ, 10 ಮಂದಿಯಲ್ಲಿ ಎದ್ದುಹೋದವನು ಒಬ್ಬನೇ. ಉಳಿದವರು ಕೆಮ್ಮಿದರು, ಕಣ್ಣುಜ್ಜಿಕೊಂಡರು, ಮುಖದ ಮುಂದಿನ ಹೊಗೆಯನ್ನು ಕೈಬೀಸಿ ಸರಿಸಿದರು, ಕಿಟಕಿ ತೆರೆದರು. ಪ್ರಶ್ನಾವಳಿಯನ್ನು ಮಾತ್ರ ಬಿಡಲಿಲ್ಲ.

ಇವರನ್ನು ಅಂಜುಬುರುಕರೆಂದೋ ಬೇಜವಾಬ್ದಾರರೆಂದೋ ಕರೆಯುವುದು ಸುಲಭ. ಆದರೆ ನಂತರ ವಿಚಾರಿಸಿದಾಗ ಅವರು ಕೊಟ್ಟ ಕಾರಣಗಳು ಬೇರೆಯೇ ಕಥೆ ಹೇಳುತ್ತವೆ. ಅದು ಬೆಂಕಿಯ ಹೊಗೆಯೆಂದು ಅವರಲ್ಲಿ ಯಾರೂ ಒಪ್ಪಿರಲಿಲ್ಲ. ಆವಿ ಇರಬಹುದು, ಹವಾನಿಯಂತ್ರಣ ಯಂತ್ರದಿಂದ ಬಂದದ್ದಿರಬಹುದು ಎಂದುಕೊಂಡವರಿದ್ದರು. ಪ್ರಶ್ನೆಗಳಿಗೆ ಸತ್ಯವನ್ನೇ ಬರೆಯಿಸಲು ಬಿಟ್ಟಿರುವ ಅನಿಲ ಎಂದು ಭಾವಿಸಿದವರು ಕೂಡ ಇದ್ದರು! 10 ಮಂದಿಯ ಲೆಕ್ಕ ಚಿಕ್ಕದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನನಗೆ ಆ ಸಂಖ್ಯೆಗಿಂತಲೂ ಈ ವಿವರಣೆಗಳೇ ಹೆಚ್ಚು ಮಹತ್ವದವು ಎನಿಸುತ್ತವೆ. ಧೈರ್ಯವನ್ನು ತೋರಬೇಕಾದ ಸಂದರ್ಭವೇ ಒದಗಿಲ್ಲ ಎಂದು ಮನಸ್ಸು ಮೊದಲೇ ತೀರ್ಮಾನಿಸಿದ್ದರೆ, ಒಬ್ಬನಲ್ಲಿ ಧೈರ್ಯವಿತ್ತೋ ಇಲ್ಲವೋ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ.

ಈ ತೀರ್ಮಾನ ಸುತ್ತಲಿನ ಮುಖಗಳಿಂದ ಬರುತ್ತದೆ. ಸುಮ್ಮನೆ ಗಾಬರಿಪಟ್ಟು ನಗೆಪಾಟಲಾಗಬಾರದೆಂದು ಪ್ರತಿಯೊಬ್ಬನೂ ತನ್ನ ಆತಂಕವನ್ನು ಅಡಗಿಸಿಕೊಂಡು ಪಕ್ಕದವನ ಕಡೆ ನೋಡುತ್ತಾನೆ. ಅವನೂ ಅದನ್ನೇ ಮಾಡುತ್ತಿರುವುದರಿಂದ ಕಾಣುವುದು ಬರೀ ಶಾಂತಮುಖ, ಆ ಶಾಂತಿಯೇ ಅಪಾಯವಿಲ್ಲವೆಂಬುದಕ್ಕೆ ಸಾಕ್ಷಿಯಾಗುತ್ತದೆ. ಇದಕ್ಕೆ ನಟನೆಯೇ ಬೇಕೆಂದೇನಿಲ್ಲ. ಏನೂ ಅರಿಯದ ಮೂವರು ಮೂವರನ್ನು ಒಟ್ಟಿಗೆ ಕೂರಿಸಿದ ಎಂಟು ಗುಂಪುಗಳಲ್ಲಿಯೂ, ಯಾರಾದರೊಬ್ಬರು ಎದ್ದುಹೋದದ್ದು ಮೂರರಲ್ಲಿ ಮಾತ್ರ.

ಸಂದರ್ಭವನ್ನು ಏನೆಂದು ಗ್ರಹಿಸಿದೆವೋ ಅದೇ ನಡತೆಯನ್ನು ತೀರ್ಮಾನಿಸುವುದು ಅಪಾಯದ ಗಂಧವೇ ಇಲ್ಲದ ಕಡೆಯೂ ನಡೆಯುತ್ತದೆ. ವಾರ್ಡಾ ಲಿಬರ್‌ಮನ್, ಸ್ಟೀವನ್ ಸ್ಯಾಮ್ಯುಯೆಲ್ಸ್ ಮತ್ತು ಲೀ ರಾಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಹಣದ ಆಟವೊಂದನ್ನು ಆಡಿದರು. ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ಲಾಭ. ಒಬ್ಬನೇ ಕೈಕೊಟ್ಟರೆ ಅವನಿಗೆ ಇನ್ನೂ ಹೆಚ್ಚಿನ ಲಾಭ. ನಿಯಮ, ಹಣ ಎಲ್ಲವೂ ಒಂದೇ. ಬದಲಾದದ್ದು ಆಟದ ಹೆಸರು ಮಾತ್ರ. ನ್ಯೂಯಾರ್ಕಿನ ಷೇರುಪೇಟೆಯ ಬೀದಿಯ ಹೆಸರಿಟ್ಟು ‘ವಾಲ್‌ಸ್ಟ್ರೀಟ್ ಆಟ’ ಎಂದಾಗ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿ ಸಹಕರಿಸಿದರೆ, ‘ಸಮುದಾಯದ ಆಟ’ ಎಂದಾಗ ಸುಮಾರು ಮೂರನೆಯ ಎರಡು ಭಾಗದಷ್ಟು ಮಂದಿ ಸಹಕರಿಸಿದರು. ಹೆಸರು ಕೇಳಿದೊಡನೆ ತಾನೇನು ಮಾಡಬೇಕೆಂಬುದರ ಜೊತೆಗೆ ಎದುರಿನವನು ಏನು ಮಾಡಿಯಾನು ಎಂಬ ಲೆಕ್ಕಾಚಾರವೂ ಬದಲಾಗುತ್ತದೆ. ಮೊದಲ ಸುತ್ತಿನಲ್ಲಿಯೇ ಮೋಸಹೋದವನು ಮುಂದಿನ ಸುತ್ತಿನಲ್ಲಿ ಉದಾರಿಯಾಗಿ ಉಳಿಯುವುದು ಕಷ್ಟ.

ಈ ಆಟಗಾರರನ್ನು ಆರಿಸಿಕೊಟ್ಟವರು, ಅವರನ್ನು ಹತ್ತಿರದಿಂದ ಬಲ್ಲ ಹಾಸ್ಟೆಲ್ ಸಲಹೆಗಾರರು. ಖಂಡಿತ ಸಹಕರಿಸುವ ಸ್ವಭಾವದವರು ಇವರು, ಕೈಕೊಡುವವರು ಇವರು ಎಂದು ಅವರು ಮೊದಲೇ ಗುರುತಿಸಿದ್ದರು. ಆಟದಲ್ಲಿ ಆ ಎರಡು ಬಗೆಯವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ.